ಎಂಬತ್ನಾಲ್ಕು ಲಕ್ಷದಲ್ಲಿ ಒಬ್ಬಳು

ಜುಲೈ ೧೨, ಶನಿವಾರ, ಹೊಸನಗರ

ತಂಗಿ ಲಿಖಿತಾಳಿಗೆ ಇಂದು ಪರಮ ಗಾಂಭೀರ್ಯದಿಂದ ಘೋಷಿಸಿದೆ: "ನಿನ್ನ ಮಾಸ್ತಿಕಟ್ಟೆ ಬಸ್‌ಸ್ಟ್ಯಾಂಡಲ್ಲಿ ಎತ್ಕೊಂಡ್ ಬಂದಿದ್ದು. ಈ ಗುಂಗುರು ಕೂದ್ಲು ನಮ್ಮನೇಲಿ ಯಾರಿಗಿದೆ ಹೇಳು?" ಪೆದ್ದಿ ನಂಬಿಬಿಟ್ಟಳು. ಊಟವನ್ನೂ ಬಿಟ್ಟಳು.

ಸಂಜೆ ಜೀವಶಾಸ್ತ್ರದ ಪುಸ್ತಕ ಹಿಡಿದು ಪ್ರಾಯಶ್ಚಿತ್ತಕ್ಕೆ ಅವಳೆದುರು ಕೂತು ವಿವರಿಸಿದೆ. ಅಪ್ಪನಲ್ಲಿ ಇಪ್ಪತ್ಮೂರು ಜೋಡಿ ವರ್ಣತಂತು. ಪ್ರತಿ ಜೋಡಿಯಲ್ಲಿ ಒಂದು ಅಜ್ಜನದು, ಒಂದು ಅಜ್ಜಿಯದು. ಮಿಯಾಸಿಸ್ ಎಂಬ ಕೋಶವಿಭಜನೆ ಆ ಜೋಡಿ ಬಿಡಿಸಿ ಒಂದೊಂದನ್ನೇ ಮುಂದೆ ಕಳಿಸುತ್ತದೆ, ಯಾವುದೆಂಬ ನಿಯಮವಿಲ್ಲ. ಅಮ್ಮನಿಂದಲೂ ಹಾಗೆಯೇ ಅರ್ಧ. ಜೋಡಿಯೊಳಗೆ ನಡೆಯುವ ತುಂಡುಗಳ ಅದಲುಬದಲನ್ನು ಲೆಕ್ಕಕ್ಕೆ ಹಿಡಿಯದಿದ್ದರೂ, ಅಪ್ಪನೊಬ್ಬನಿಂದಲೇ ಸುಮಾರು ಎಂಬತ್ನಾಲ್ಕು ಲಕ್ಷ ಬಗೆಯ ಅರ್ಧ ಸಾಧ್ಯ.

"ಎಂಬತ್ನಾಲ್ಕು ಲಕ್ಷ ಜನ್ಮ ದಾಟಿ ಮನುಷ್ಯ ಆಗೋದು ಅಂತ ನಾವೂ ಹೇಳ್ತೀವಲ್ಲ ಮಾರಾಯ," ಎಂದಳು ಪಕ್ಕದಲ್ಲೇ ಕೂತು ಕೇಳುತ್ತಿದ್ದ ಅಪ್ಪನ ಅಮ್ಮ, ಕೆರಿಯಮ್ಮಜ್ಜಿ. "ಅವಳ ಕೂದ್ಲು ನಿಮ್ಮಜ್ಜಂದೇ."

ಲಿಖಿತಾ ಕಣ್ಣೊರೆಸಿಕೊಂಡಳು. "ಅಷ್ಟು ಲಕ್ಷದಲ್ಲಿ ನಂಗೆ ಅಣ್ಣ ಆಗಕ್ಕೆ ನೀನೇ ಸಿಕ್ಕಿದ್ಯಾ?" ಎಂದು ತಟ್ಟೆ ಎಳೆದುಕೊಂಡಳು.

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಅಮ್ಮನ ಎಂಬತ್ನಾಲ್ಕು ಲಕ್ಷವನ್ನೂ ಮನಸ್ಸಿನಲ್ಲೇ ಗುಣಿಸುತ್ತಿದ್ದೆ. ಎಪ್ಪತ್ತು ಲಕ್ಷ ಕೋಟಿ. ಅಷ್ಟೂ ಮಂದಿ ಬರದೆ ಇವಳೊಬ್ಬಳೇ ಬಂದು, ನನ್ನೆದುರು ಕೂತು, ಏನೂ ಆಗಿಲ್ಲವೆಂಬಂತೆ ಅನ್ನಕ್ಕೆ ಮಜ್ಜಿಗೆ ಕಲಸಿಕೊಂಡು ಉಣ್ಣುತ್ತಿದ್ದಳು.