ಎರಡು ಉದ್ದ, ಒಂದು ಗಿಡ್ಡ

ಕೋಲಾರ,
ಮಾರ್ಚಿ ೧೯೪೬

ಗೆಳೆಯ ಶ್ರೀರಾಮಪ್ಪನಿಗೆ,

ನೀನು ಕ್ಷೇಮವಾಗಿದ್ದೀ ಎಂದು ನಂಬಿದ್ದೇನೆ. ನಾನೂ ಕ್ಷೇಮವೇ, ಹೊಟ್ಟೆಕಿಚ್ಚೊಂದನ್ನು ಬಿಟ್ಟರೆ. ಅದು ನಿನ್ನ ಮೇಲಿನದಾದ್ದರಿಂದ ನಿನಗೇ ಬರೆಯುತ್ತಿದ್ದೇನೆ.

ಮೂರು ವರ್ಷದ ಕೆಳಗೆ ನೀನು ಮಿಲಿಟರಿಗೆ ಡ್ರೈವರಾಗಿ ಹೋದ ವಾರವೇ ದೊಡ್ಡವೆಂಕಟಪ್ಪ ಸಾಹುಕಾರರು ನಿನ್ನ ಸೀಮೆಎಣ್ಣೆ ಲಾರಿಯ ಕೀಲಿಯನ್ನು ನನ್ನ ಕೈಗಿಟ್ಟರು. ಅದುವರೆಗೆ ನಾನು ಅದೇ ಎಣ್ಣೆಯನ್ನು ಎತ್ತಿನ ಗಾಡಿಯಲ್ಲಿ ಹೇರುತ್ತಿದ್ದವನು. ನೀನು ಧೂಳೆಬ್ಬಿಸಿಕೊಂಡು ನನ್ನನ್ನು ದಾಟಿ ಹೋದಾಗಲೆಲ್ಲ, ಇವನ ಸೀಟಿನಲ್ಲಿ ಒಂದು ದಿನವಾದರೂ ಕೂರದೆ ಬಿಡುವುದಿಲ್ಲ ಎಂದುಕೊಳ್ಳುತ್ತಿದ್ದೆ. ನನಗೆ ಸ್ಟಿಯರಿಂಗ್ ಹಿಡಿಯಲು ಕಲಿಸಿದವನೂ ನೀನೇ ಅನ್ನುವುದು ಬೇರೆ ಮಾತು.

ಕೂತೆ. ಕೂತ ಮೇಲೆ ಗೊತ್ತಾಯಿತು, ನೀನು ಇಳಿದು ಹೋಗಿಯೇ ಇಲ್ಲ. ವಕ್ಕಲೇರಿಯಲ್ಲಿ ಡ್ರಮ್ಮು ಇಳಿಸುವ ಮೊದಲೇ "ನಮ್ಮ ಶ್ರೀರಾಮಣ್ಣ ಎಲ್ಲಿ?" ಎಂಬ ಪ್ರಶ್ನೆ. ಟೇಕಲ್ಲಿನಲ್ಲಿ ಚಿಕ್ಕಗಂಗಮ್ಮ ಅಳತೆಯ ಪಾತ್ರೆಯನ್ನು ನನ್ನ ಮುಖಕ್ಕೇ ಹಿಡಿದಳು. "ಅವನಾದ್ರೆ ನೊರೆ ಇಳಿಯೋಗಂಟ ನಿಂತು ಅಳೀತಿದ್ದ ಕಣೋ. ನಿನಗೇನ್ಲಾ ಅಷ್ಟು ಅವಸರ?" ಅಂದಿನಿಂದ ನಾನೂ ನೊರೆ ಇಳಿಯುವವರೆಗೆ ನಿಲ್ಲುತ್ತೇನೆ, ಹಲ್ಲು ಕಡಿದುಕೊಂಡು.

ನಿಮ್ಮ ಯಲ್ದೂರಿನ ಮೊದಲ ದಿನವಂತೂ ಮರೆಯುವಂತಿಲ್ಲ. ಕೆರೆ ಏರಿಯ ಮೇಲೆ ಬರುತ್ತಾ ಹುರುಪಿನಿಂದ ಒಂದೇ ಸಮನೆ ಉದ್ದಕ್ಕೆ ಹಾರನ್ ಹೊಡೆದೆ. ಊರಿಗೆ ಊರೇ ಬಾಗಿಲು ಹಾಕಿಕೊಂಡಿತು! ಯುದ್ಧಕಾಲದ ಲೆವಿಯೆಂದು ರಾಗಿ ಎತ್ತಿಕೊಂಡು ಹೋಗಲು ಸರ್ಕಾರದ ಲಾರಿ ಬಂತೆಂದು ತಿಳಿದು, ಜನ ಮೂಟೆಗಳನ್ನು ಹುಲ್ಲಿನ ಬಣವೆಗೆ ತುರುಕುತ್ತಿದ್ದರು. ಅರವತ್ತು ವರ್ಷದ ಶಾಮಲಮ್ಮ ರಾಗಿ ಮೂಟೆಯ ಮೇಲೆ ಚಾಪೆ ಹಾಸಿ, ಮಲಗಿ, ಹೆರಿಗೆ ನೋವು ಬಂದವಳಂತೆ ನರಳುತ್ತಿದ್ದಳು. ನಾನು ಎಣ್ಣೆಯವನೆಂದು ತಿಳಿದ ಮೇಲೆ ಎದ್ದು ಕೂತು ನನಗೇ ಬೈದಳು. "ಎಣ್ಣೆ ಲಾರಿ ಅಂದ್ರೆ ಎರಡು ಉದ್ದ, ಒಂದು ಗಿಡ್ಡ. ಶ್ರೀರಾಮಪ್ಪ ಹಂಗೇ ಹೊಡೀತಿದ್ದ. ಅಷ್ಟೂ ಗೊತ್ತಿಲ್ವಾ ನಿನಗೆ?"

ಅಂದಿನಿಂದ ಹೊಡೆದದ್ದೆಲ್ಲ ನಿನ್ನ ಹಾರನ್ನೇ. ಆ ಸದ್ದಿಗೆ ಎಲ್ಲರಿಗಿಂತ ಮೊದಲು, ಬಾಟಲಿ ಹಿಡಿದು ಓಡಿ ಬರುತ್ತಿದ್ದವರು ನಿನ್ನ ತಾಯಿ ಅಂಜಮ್ಮನವರು. "ನೀನೇ ಅಂತ ಗೊತ್ತು ನಾಯ್ನಾ. ಆದ್ರೂ ಆ ಸದ್ದು ಕೇಳಿದ್ರೆ ಕಾಲು ನಿಲ್ಲಲ್ಲ" ಅನ್ನುತ್ತಿದ್ದರು. ನನ್ನನ್ನು ಕಂಡ ಕೂಡಲೇ ಆ ಮುಖ ಸಪ್ಪಗಾಗುತ್ತಿತ್ತು. ಮೂರು ವರ್ಷ, ವಾರಕ್ಕೊಮ್ಮೆ, ನೀನಲ್ಲದವನಾಗಿ ಆ ಲಾರಿಯಿಂದ ಇಳಿದಿದ್ದೇನೆ. ಅದು ಎಂಥ ಉರಿ ಎಂದು ನಿನಗೆ ಹೇಗೆ ಗೊತ್ತಾಗಬೇಕು?

ಜನವರಿಯಲ್ಲಿ ಸಾಹುಕಾರರಿಗೆ ನಿನ್ನ ಕಾಗದ ಬಂತು. ಅಕ್ಷರ ಬಾರದ ಅವರಿಗೆ ಓದಿ ಹೇಳಿದವನು ನಾನೇ. ಹಳೆಯ ಕೆಲಸ ಇದ್ದರೆ ಬರುತ್ತೇನೆ, ಇಲ್ಲದಿದ್ದರೆ ಮಾರ್ಚಿ ಕೊನೆಗೆ ಇನ್ನೂ ಮೂರು ವರ್ಷಕ್ಕೆ ರುಜು ಹಾಕುತ್ತೇನೆ, ಸುಮ್ಮನೆ ಆಸೆ ಹುಟ್ಟಿಸಬಾರದೆಂದು ಅಮ್ಮನಿಗೆ ತಿಳಿಸಿಲ್ಲ ಎಂದು ನೀನು ಬರೆದಿದ್ದೆ. ಸಾಹುಕಾರರು ಒಂದು ಕ್ಷಣವೂ ಯೋಚಿಸಲಿಲ್ಲ. "ಬಂದ್ಬಿಡು ಅಂತ ಬರಿ. ಲಾರಿ ಅವನದೇ. ನಿನಗೆ ಗಾಡಿ ಇದ್ದೇ ಇದೆಯಲ್ಲ" ಅಂದರು.

ಬರೆದೆ. ಅವರ ಹೆಬ್ಬೆಟ್ಟನ್ನೂ ಒತ್ತಿಸಿದೆ. ಆಮೇಲೆ ಆ ಕಾಗದವನ್ನು ನನ್ನ ಸೀಟಿನ ಕೆಳಗೆ ತುರುಕಿ, ಟಪಾಲಿಗೆ ಹಾಕಿದೆ ಎಂದು ಸುಳ್ಳು ಹೇಳಿದೆ. ಮಾರ್ಚಿ ಕಳೆದುಬಿಡಲಿ ಎಂದು ದಿನ ಎಣಿಸುತ್ತಿದ್ದೆ. ಮುಚ್ಚಿಡಲು ಇನ್ನೇನೂ ಉಳಿದಿಲ್ಲ, ಬೈಯುವುದಿದ್ದರೆ ಬೈ.

ನಿನ್ನೆ ಯಲ್ದೂರಿಗೆ ಹೋದಾಗ, ಮಾರ್ಚಿ ಅರ್ಧ ಕಳೆಯಿತು, ಲಾರಿ ಇನ್ನು ನನ್ನದೇ ಎಂಬ ಧೈರ್ಯದಲ್ಲಿ, ಏರಿಯ ಮೇಲೆ ನನ್ನ ಹಾರನ್ ಹೊಡೆದೆ. ಒಂದೇ ಸಮನೆ, ಉದ್ದಕ್ಕೆ. ಈ ಸಲ ಯಾರೂ ಬಾಗಿಲು ಹಾಕಲಿಲ್ಲ. ಎಲ್ಲರೂ ಬಾಟಲಿ, ಡಬ್ಬ ಹಿಡಿದು ಬಂದರು. ನಾನು ಎಷ್ಟು ಉಬ್ಬಿಹೋದೆ ಎಂದರೆ, ನಿನ್ನ ತಾಯಿ ಬಂದೇ ಇಲ್ಲ ಎಂಬುದು ಕೊನೆಯ ಡ್ರಮ್ಮು ಖಾಲಿಯಾಗುವಾಗ ತಿಳಿಯಿತು.

ಉಳಿದ ಎಣ್ಣೆ ತೆಗೆದುಕೊಂಡು ಅವರ ಮನೆಗೇ ಹೋದೆ. ಖಾಲಿ ಬಾಟಲಿಯನ್ನು ಮಡಿಲಲ್ಲಿ ಇಟ್ಟುಕೊಂಡು ಗೋಡೆಗೆ ಒರಗಿ ಕೂತಿದ್ದರು.

"ಇವತ್ತು ಅವನ ಹಾರನ್ ಹೊಡೀಲಿಲ್ಲ ನೀನು. ಅವನಿನ್ನು ಬರಲ್ಲ ಅಂತ ಕಾಗದ ಬಂತೇನು ನಾಯ್ನಾ? ನಿಜ ಹೇಳು, ನಾನು ಅಳಲ್ಲ."

ಲಾರಿಯ ಹತ್ತಿರ ಓಡಿದೆ. ಎರಡು ಉದ್ದ, ಒಂದು ಗಿಡ್ಡ. ಮತ್ತೆ ಎರಡು ಉದ್ದ, ಒಂದು ಗಿಡ್ಡ. ಊರವರು ನನಗೆ ಹುಚ್ಚು ಹಿಡಿಯಿತೆಂದು ನಗುತ್ತಿದ್ದರು. ನಿನ್ನ ತಾಯಿ ಬಾಗಿಲಿಗೆ ಬಂದು ನಿಂತರು. "ಬರ್ತಾನೆ ಕಣಮ್ಮಾ, ಬರ್ತಾನೆ" ಎಂದು ಅಲ್ಲಿಂದಲೇ ಕೂಗಿದೆ.

ಸಾಹುಕಾರರ ಕಾಗದವನ್ನು ಇದರ ಜೊತೆಗಿಟ್ಟಿದ್ದೇನೆ. ಸೀಮೆಎಣ್ಣೆ ವಾಸನೆ ಹೊಡೆಯುತ್ತದೆ, ಕ್ಷಮಿಸು. ರುಜು ಹಾಕಬೇಡ, ಬಾ. ನಾನು ಎತ್ತುಗಳ ಹಿಂದೆ ಹೋಗುತ್ತೇನೆ. ಆಗಲೂ ನಿನ್ನನ್ನು ಕಂಡು ಹೊಟ್ಟೆ ಉರಿದುಕೊಳ್ಳುತ್ತೇನೆ, ಅದಕ್ಕೆ ನಿನ್ನ ಅಪ್ಪಣೆ ಬೇಕಿಲ್ಲ. ದಾಟಿ ಹೋಗುವಾಗ ಮಾತ್ರ ಸ್ವಲ್ಪ ಮೆಲ್ಲಗೆ ಹೋಗು, ಧೂಳಿಗೆ ಎತ್ತುಗಳು ಬೆದರುತ್ತವೆ.

ನಿನ್ನ ದಾರಿ ತಣ್ಣಗಿರಲಿ. ಯಲ್ದೂರಿನ ಏರಿಯ ಮೇಲೆ ನೀನೇ ಹಾರನ್ ಹೊಡೆಯುವ ದಿನ ಬೇಗ ಬರಲಿ. ಅಂದು ನಿನ್ನ ತಾಯಿ ಓಡಿ ಬರುವುದನ್ನು ನೋಡಲು ನಾನು ಗಾಡಿ ನಿಲ್ಲಿಸಿಕೊಂಡು ಕಾದಿರುತ್ತೇನೆ.

ಇನ್ನು ಕೆಲವೇ ದಿನ ನಿನ್ನ ಸೀಟಿನಲ್ಲಿ ಕೂರಲಿರುವ,
ಅಶ್ವತ್ಥಪ್ಪ