ಗುಲಾಬಿ ಬಣ್ಣದ ಕ್ಯೂ ವಾಪಸ್

ರೀ,

ನಿನ್ನೆ ನೀವು ಕೊಡಿಸಿದ ಗುಲಾಬಿ ಬಣ್ಣದ ಕ್ಯೂ, ಅದೇ ಪೂಲ್ ಆಟದಲ್ಲಿ ಚೆಂಡು ಹೊಡೆಯುವ ಕೋಲು, ವಾಪಸ್ ಕೊಡಲು ಜಯನಗರದ ಆ ಅಂಗಡಿಗೇ ಹೊರಟಿದ್ದೇನೆ. ಅನ್ನ ಕುಕ್ಕರಿನಲ್ಲಿದೆ. ಸಾರು ಬಿಸಿ ಮಾಡಿಕೊಳ್ಳಿ.

ಆಡುವವಳು ನಾನು. ಅಂಗಡಿಯವನು ಮಾತ್ರ ನಿಮ್ಮನ್ನೇ ನೋಡಿ, "ಸಾರ್, ಮೇಡಂಗೆ ಎಂಥದ್ದು ಕೊಡ್ಲಿ?" ಎಂದ. ನೀವಾದರೂ ನನ್ನ ಕಡೆ ತಿರುಗಬಹುದಿತ್ತು. "ಸುಮ್ನೆ ಟೈಂಪಾಸ್‌ಗೆ ಆಡ್ತಾಳೆ, ನೋಡೋಕೆ ಚೆನ್ನಾಗಿರೋದು ಕೊಡಿ" ಅಂದುಬಿಟ್ಟಿರಿ. ಅಲ್ಲಿ ಜಗಳ ಬೇಡವೆಂದು ಇದನ್ನೇ ಹಿಡಿದು ಬಂದೆ. ಎರಡು ವರ್ಷ ಕ್ಲಬ್ಬಿನ ಸೊಟ್ಟ ಕೋಲಿನಲ್ಲೇ ಆಡಿ, ಹೋದ ತಿಂಗಳು ಆಫೀಸಿನ ಪಂದ್ಯ ಗೆದ್ದವಳಿಗೆ ಆಡುವ ಮಾತೇ ಅದು?

ಮೊದಲನೇ ಕ್ಯೂ ದುಬಾರಿ ಇರಬೇಕಿಲ್ಲ, ನೆಟ್ಟಗಿದ್ದರೆ ಸಾಕು. ಬೆಳಿಗ್ಗೆ ಇದನ್ನು ಊಟದ ಮೇಜಿನ ಮೇಲೆ ಉರುಳಿಸಿದೆ. ತುದಿ ಎಗರಿ ಎಗರಿ ಕುಣಿಯಿತು. ಕಾಫಿ ಕುಡಿಯುತ್ತಿದ್ದ ಅತ್ತೆ ಕಣ್ಣು ಬಿಟ್ಟು ನೋಡಿದರು. "ಲಟ್ಟಣಿಗೆ ಹಿಂಗಿದ್ರೆ ನಾನಂತೂ ಅಂಗಡಿಯವನ ಮುಂದೇನೇ ಇಟ್ಟು ಬರ್ತಿದ್ದೆ. ನಡಿಯಮ್ಮ, ನಾನೂ ಬರ್ತೀನಿ" ಅಂದರು. ಆಗಲೇ ಚಪ್ಪಲಿ ಮೆಟ್ಟಿಕೊಂಡು ಲಿಫ್ಟಿನ ಹತ್ತಿರ ನಿಂತಿದ್ದಾರೆ.

ಅವನ ಅಂಗಡಿಯಲ್ಲಿ ಅದೇ ಬೆಲೆಗೆ ಬಣ್ಣ ಬಳಿಯದ ಮರದ ಕ್ಯೂ ಇದೆ, ನಿನ್ನೆಯೇ ಕಣ್ಣಿಗೆ ಬಿದ್ದಿತ್ತು. ಈ ಸಲ ಅವನು ನನಗೇ ಉತ್ತರ ಕೊಡಬೇಕು.

ನಾಲ್ಕಕ್ಕೆ ಪುಟ್ಟೇನಹಳ್ಳಿ ಕ್ಲಬ್ಬಿನಲ್ಲಿ ನನ್ನ ಆಟವಿದೆ. ಅತ್ತೆ ಅದನ್ನು ನೋಡಿಯೇ ಮನೆಗೆ ಬರುತ್ತಾರಂತೆ. ನೀವು ಇದುವರೆಗೆ ಒಂದು ದಿನವೂ ನನ್ನ ಆಟ ನೋಡಿಲ್ಲ. ಬರುವುದಾದರೆ ಅವರ ಪಕ್ಕ ಒಂದು ಕುರ್ಚಿ ಹಿಡಿದಿರಲು ಹೇಳುತ್ತೇನೆ.

ಶಿಲ್ಪಶ್ರೀ