ಗೇಟಿಗೆ ಬಡಿದ ಕೋಲು

ಪ್ರೀತಿಯ ತಮ್ಮನಿಗೆ ಅಕ್ಕನ ಆಶೀರ್ವಾದ. ಮಗಳು ಕೆಲಸ ಮಾಡುವ ಈ ತೋಳಗಳ ಆಶ್ರಯಧಾಮಕ್ಕೆ ಬಂದು ಹತ್ತು ದಿನಗಳಾದವು. ಮಂಡಿನೋವು ಹಾಗೆಯೇ ಇದೆ.

ಯಾರೋ ಮನೆಯಲ್ಲಿ ಸರಪಳಿ ಬಿಗಿದು, ಹೊಡೆದು ಸಾಕಿದ್ದ ಹೆಣ್ಣು ತೋಳವೊಂದು ಇಲ್ಲಿದೆ. ಏಳು ತಿಂಗಳು ಗವಿಯೊಳಗೇ ಅಡಗಿದ್ದ ಅದು ಮೊನ್ನೆ ಮೊದಲ ಬಾರಿಗೆ ಬೇಲಿಯವರೆಗೆ ಬಂದಿತು. ತೋಳಗಳನ್ನು ಏಕೆ ಕೊಲ್ಲಬಾರದೆಂದು ಮಗಳು ಶಾಲಾಮಕ್ಕಳಿಗೆ ಪಿಸುದನಿಯಲ್ಲಿ ತಿಳಿಸಿಕೊಡುತ್ತಿದ್ದಳು. ಹಿಂದಿನ ಸಾಲಿನಲ್ಲಿ ಗುಸುಗುಸು ಎದ್ದಿತು. ನಾನು ಕೈಗೋಲನ್ನು ಕಬ್ಬಿಣದ ಗೇಟಿಗೆ ಬಡಿದು "ಸದ್ದು!" ಎಂದು ಗದರಿದೆ. ಮಕ್ಕಳು ತೆಪ್ಪಗಾದರು. ತೋಳ ನಿಂತಲ್ಲೇ ಉಚ್ಚೆ ಹೊಯ್ದುಕೊಂಡು ಒಳಗೆ ಓಡಿತು.

"ಅಮ್ಮಾ, ಇದೇನು ನಿನ್ನ ಕ್ಲಾಸಾ?" ಎಂದಳು ಮಗಳು, ಅಷ್ಟೂ ಮಕ್ಕಳ ಎದುರಿಗೆ. ಆಗಿನಿಂದ ತೋಳ ಆಹಾರ ಮುಟ್ಟಿಲ್ಲ. ಮಗಳು ಗವಿಯ ಬಾಯಿಯಲ್ಲೇ ಕುಳಿತಿದ್ದಾಳೆ.

ನಾನು ನಿನಗೆ ಪಾಠ ಹೇಳುತ್ತಿದ್ದ ಮೂರನೇ ತರಗತಿಯಲ್ಲಿ ನನ್ನ ಕೋಲು ಮೇಜಿಗೆ ಬಿದ್ದ ದಿನ ನಿನಗೂ ನಿಂತಲ್ಲೇ ಆ ತೋಳಕ್ಕಾದಂತೆಯೇ ಆಗಿತ್ತು. ಹೆಚ್ಚು ಬರೆದರೆ ಅಂಚೆಯವನು ಓದಿಯಾನು. ಅಂದು ತರಗತಿಯೆಲ್ಲ ನಕ್ಕಾಗ ನಾನು ತಡೆಯಲಿಲ್ಲ. ಶಿಸ್ತೆಂದರೆ ಹೀಗಿರಬೇಕು ಎಂದು ಬೀಗಿದ್ದೆ. ತಪ್ಪು ನನ್ನದು, ತಮ್ಮಾ.

ಕೋಲನ್ನು ಮಗಳಿಗೆ ಒಪ್ಪಿಸಿದ್ದೇನೆ. ಗೋಡೆ ಹಿಡಿದುಕೊಂಡು ನಡೆಯುತ್ತಿದ್ದೇನೆ. ಕಾರ್ಡಿನಲ್ಲಿ ಜಾಗ ಮುಗಿಯಿತು.

ನಿನ್ನ ಅಕ್ಕ